ಹೂವಿಗೂ ಚೀಟಿ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಇದನ್ನು ಮನೆಗೆ ಕಳಿಸದೆ ನಿನ್ನ ಸ್ಕೂಲಿನ ವಿಳಾಸಕ್ಕೆ ಹಾಕಿದ್ದೇನೆ. ಓದಿ ಸ್ಟಾಫ್ ರೂಮಿನ ನಿನ್ನ ಬೀರುವಿನಲ್ಲೇ ಇಡು, ಬ್ಯಾಗಿನಲ್ಲಿ ಮನೆಗೆ ಒಯ್ಯಬೇಡ. ಫೋನಿನಲ್ಲಿ ಹೇಳೋಣ ಅಂದರೆ ನೀನು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತೀಯ, ಪಕ್ಕದಲ್ಲಿ ಅಳಿಯಂದಿರು ಕೆಮ್ಮುವುದು ನನಗೆ ಕೇಳಿಸುತ್ತೆ. ವಾಟ್ಸಾಪ್ ಅವರೂ ನೋಡುತ್ತಾರೆ ಅಂತ ನೀನೇ ಹೇಳಿದೆ. ಅರಸೀಕೆರೆ ಸ್ಟೇಷನ್ನಿನಲ್ಲಿ ನಾನು ಕೇಳಿದ್ದಕ್ಕೆ ಸಿಟ್ಟಾಗಿ "ಅವರು ನನ್ನ ಮೇಲೆ ಕೈ ಮಾಡಿಲ್ಲಮ್ಮ, ಸುಮ್ಮನಿರು" ಅಂದು ರೈಲು ಹತ್ತಿದೆ. ಅಷ್ಟು ಜನರೆದುರು ಕೇಳಿದೆ ಅಂತ ಬೇಜಾರಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೋಬೇಡ ಕಣೇ. ಆದರೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ಆ ಹೂವಿನ ಅಜ್ಜಿ ನನ್ನ ಕಣ್ಣ ಮುಂದಿಂದ ಹೋಗುತ್ತಿಲ್ಲ. ಗೌರಿ ಹಬ್ಬದ ಹಿಂದಿನ ಸಂಜೆ ಎರಡು ಮಾರು ಸೇವಂತಿಗೆ ತಗೊಂಡೆವು, ದುಡ್ಡು ನೀನೇ ಕೊಟ್ಟೆ. ಕೊಟ್ಟ ಮೇಲೆ "ಇದಕ್ಕೊಂದು ಚೀಟಿ ಬರೆದುಕೊಡ್ತೀರಾ" ಅಂತ ಕೇಳಿದೆ. "ಹೂವಿಗೆಂಥ ಚೀಟಿ ತಾಯಿ" ಅಂತ ಅಜ್ಜಿ ನಕ್ಕಳು. ನಾನೂ ನಕ್ಕೆ. ನೀನು ನಗಲಿಲ್ಲ. ಹೂವನ್ನು ಅವಳ ಬುಟ್ಟಿಯ ಮೇಲೆ ಹರಡಿ ಫೋಟೋ ತೆಗೆದೆ, ರೇಟನ್ನು ಫೋನಿನಲ್ಲಿ ಬರೆದುಕೊಂಡೆ. ಬಾಳೆ ಎಲೆಗೂ ಹಾಗೇ, ಬಾಗಿನದ ಮೊರಕ್ಕೂ ಹಾಗೇ. ಬರುವಾಗ ಆಟೋದವನ ಹತ್ತಿರ ಚಿಲ್ಲರೆ ಇರಲಿಲ್ಲ, ಐದು ರೂಪಾಯಿ ಹೋಗಲಿ ಬಿಡು ಅಂತ ನಾನು ಅಂದೆ. ನಿನ್ನ ಮುಖ ಬಿಳಿಚಿಕೊಂಡಿತು. ಐದು ರೂಪಾಯಿಗೆ ಪುಟ್ಟಿ! ಪಕ್ಕದ ಅಂಗಡಿಗೆ ಓಡಿ ಚಿಲ್ಲರೆ ಮಾಡಿಸಿಕೊಂಡು ಬಂದೆಯಲ್ಲ, ಆ ಓಟದಲ್ಲಿ ಜಿಪುಣತನ ಇರಲಿಲ್ಲ, ಹೆದರಿಕೆ ಇತ್ತು. ಎಂಟನೇ ತರಗತಿ ಮಕ್ಕಳಿಗೆ ಲಾಭ ನಷ್ಟ ಹೇಳಿಕೊಡುವವಳು ನೀನು. ನಮ್ಮ ಮನೆತನದಲ್ಲಿ ಬಿ.ಎಡ್. ಮಾಡಿದ ಮೊದಲ ಹೆಣ್ಣುಮಗಳು ಅಂತ ನಾನು ಇವತ್ತಿಗೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ. ಅಂಥವಳು ಯಾರಿಗೆ ಈ ಲೆಕ್ಕ ಒಪ್ಪಿಸಬೇಕು?

ರಾತ್ರಿ ಅಡುಗೆಮನೆಯಲ್ಲಿ ಕೇಳಿದಾಗ ಒಂದೊಂದೇ ಬಾಯಿಬಿಟ್ಟೆ. ಸಂಬಳ ಬಂದ ದಿನವೇ ಅವರ ಖಾತೆಗೆ, ಕಾರ್ಡೂ ಅವರ ಹತ್ತಿರ, ನಿನ್ನ ಕೈಗೆ ವಾರದ ಲೆಕ್ಕದಲ್ಲಿ ಕಾಸು. ಲೆಕ್ಕ ತಪ್ಪಿದರೆ ಅಂತ ನಾನು ಕೇಳಿದೆ. "ಮಾತು ಬಿಡ್ತಾರೆ ಅಷ್ಟೆ" ಅಂತ ನೀನು ಅಂದೆ. ಎಷ್ಟು ದಿನ ಅಂತ ನಾನು ಕೇಳಿದೆ. ನೀನು ಹೂರಣ ರುಬ್ಬಲು ಶುರು ಮಾಡಿದೆ.

ಹೊಡೆದಿಲ್ಲ ಅನ್ನುತ್ತೀಯ. ಸರಿ. ಆದರೆ ಅಂಗನವಾಡಿಯಲ್ಲಿ ತಾಯಂದಿರ ಸಭೆ ಕರೆದಾಗೆಲ್ಲ ನಾನೇ ನಿಂತು ಹೇಳುವ ಮಾತು ಇದು, ನಿನಗೆ ಹೇಳದಿದ್ದರೆ ಹೇಗೆ? ಕೌಟುಂಬಿಕ ದೌರ್ಜನ್ಯದ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಹೊಡೆತ ಒಂದೇ ದೌರ್ಜನ್ಯ ಅಂತ ಅದರಲ್ಲಿ ಎಲ್ಲೂ ಇಲ್ಲ. ಹೀಯಾಳಿಸುವುದು, ಹೆದರಿಸುವುದು, ಹಾಸಿಗೆಯಲ್ಲಿ ಬಲವಂತ ಮಾಡುವುದು, ದುಡ್ಡಿನಿಂದ ಕಟ್ಟಿಹಾಕುವುದು, ಎಲ್ಲವನ್ನೂ ಸೇರಿಸಿದ್ದಾರೆ. ಹೆಂಡತಿಗೆ ಹಕ್ಕಿರುವ ಹಣವನ್ನು ಅವಳಿಗೆ ದಕ್ಕದ ಹಾಗೆ ಮಾಡುವುದು, ತವರಿನಿಂದ ಹಾಕಿದ ಒಡವೆಯನ್ನು ಅಡಗಿಸಿಡುವುದು, ಇವಕ್ಕೆ ಆರ್ಥಿಕ ದೌರ್ಜನ್ಯ ಅಂತಲೇ ಹೆಸರಿದೆ. ನಿನ್ನ ಅವಲಕ್ಕಿ ಸರ, ಬಳೆ ಯಾರ ಲಾಕರಿನಲ್ಲಿವೆ ಅಂತ ನಾನು ಕೇಳಿಲ್ಲ. ಈಗ ಕೇಳುತ್ತಿದ್ದೇನೆ.

ದೂರು ಅಂದ ಕೂಡಲೇ ಪೊಲೀಸು, ಜೈಲು ಅಂತ ಹೆದರುತ್ತೀಯ, ಗೊತ್ತು. ಈ ಕಾಯ್ದೆಯಲ್ಲಿ ಮೊದಲ ಬಾಗಿಲು ಪೊಲೀಸ್ ಠಾಣೆಯೇ ಆಗಬೇಕಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು, ನಾವು ಸಿ.ಡಿ.ಪಿ.ಒ. ಅನ್ನುತ್ತೀವಲ್ಲ, ಅವರೇ. ನೀನು ಹೇಳಿದ್ದನ್ನು ಅವರು ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಅರ್ಜಿ ಹೋದ ಮೇಲೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ಕೋರ್ಟು ಅಷ್ಟು ಬೇಗ ಮುಗಿಯುತ್ತೆ ಅಂತ ನಿನಗೆ ಆಸೆ ಹುಟ್ಟಿಸುವುದಿಲ್ಲ, ಆದರೆ ನಡುವೆಯೇ ಮಧ್ಯಂತರ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಮನೆ ಅಳಿಯಂದಿರ ಹೆಸರಿನಲ್ಲಿದ್ದರೂ ಅಲ್ಲಿ ಇರುವ ಹಕ್ಕು ನಿನಗುಂಟು, ಕಾನೂನು ಬಿಟ್ಟು ಬೇರೆ ದಾರಿಯಲ್ಲಿ ನಿನ್ನನ್ನು ಹೊರಗೆ ಹಾಕುವ ಹಾಗಿಲ್ಲ. ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಸಂಬಳ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿದರೆ ಸಾಕು. ಬರೀ ಮಾತಾಡಬೇಕು ಅನ್ನಿಸಿದರೆ ಹೆಣ್ಣುಮಕ್ಕಳ ಸಹಾಯವಾಣಿ 181. ಅಲ್ಲಿಂದ ಸಖಿ ಕೇಂದ್ರಕ್ಕೂ ದಾರಿ ತೋರಿಸುತ್ತಾರೆ. ಡಾಕ್ಟರು, ವಕೀಲರು, ಆಪ್ತ ಸಲಹೆ, ಕೆಲವು ದಿನ ತಂಗಲು ಜಾಗ, ಎಲ್ಲ ಅಲ್ಲೇ. ನಿನ್ನ ಫೋನಿಂದ ಮಾಡಬೇಡ, ಸ್ಕೂಲಿನ ಲ್ಯಾಂಡ್‌ಲೈನಿಂದ ಮಾಡು.

ನೋಡು, ಬೇಡ ಬೇಡ ಅಂದುಕೊಂಡೇ ಸಭೆಯಲ್ಲಿ ಮಾಡುವ ಭಾಷಣವನ್ನೇ ಪೂರ್ತಿ ಬರೆದುಬಿಟ್ಟೆ. ಎದುರಿಗೆ ಇದ್ದಿದ್ದರೆ ನೀನು ಎದ್ದು ಹೋಗಿರುತ್ತಿದ್ದೆ. ಆದರೆ ಬರೆದದ್ದು ಯಾವುದನ್ನೂ ನಾನು ಹೊಡೆದು ಹಾಕುವುದಿಲ್ಲ.

ದೌರ್ಜನ್ಯ ನಡೆದಿದೆ ಅನ್ನಿಸಿದರೆ ಸಂರಕ್ಷಣಾಧಿಕಾರಿಗೆ ಯಾರು ಬೇಕಾದರೂ ತಿಳಿಸಬಹುದು, ತಾಯಿಯೂ ತಿಳಿಸಬಹುದು. ನಿನ್ನನ್ನು ಕೇಳದೆ ನಾನು ಹೋಗುವುದಿಲ್ಲ. ನಿನ್ನ ಬದುಕಿನಲ್ಲಿ ಎಲ್ಲವನ್ನೂ ಅವರೇ ತೀರ್ಮಾನ ಮಾಡುತ್ತಿದ್ದಾರೆ, ಇದನ್ನೂ ನಾನು ತೀರ್ಮಾನ ಮಾಡಿದರೆ ನಿನಗೆ ಉಳಿಯುವುದೇನು? ಆದರೆ ಜೀವದ ಭಯ ಅನ್ನಿಸಿದ ದಿನ ಈ ಮಾತಿಗೆ ನಾನು ಕಟ್ಟುಬೀಳುವುದಿಲ್ಲ, ಅದನ್ನು ಈಗಲೇ ಹೇಳಿರುತ್ತೇನೆ. ಅಪ್ಪ ಅವತ್ತೇ ಅಳಿಯಂದಿರಿಗೆ ಫೋನ್ ಮಾಡಿ ವಿಚಾರಿಸುತ್ತೇನೆ ಅಂತ ಎದ್ದಿದ್ದರು. ಇವರು ಇಲ್ಲಿಂದ ಗದರಿದರೆ ಅದರ ಸಿಟ್ಟು ಅಲ್ಲಿ ಯಾರ ಮೇಲೆ ತಿರುಗುತ್ತೆ ಅಂತ ಹೇಳಿ ಕೂರಿಸಿದೆ. ನೀನೂ ಅಷ್ಟೆ, ಜಗಳದ ಮಧ್ಯೆ "ನಾನು ತವರಿಗೆ ಹೋಗಿಬಿಡ್ತೀನಿ" ಅಂತ ಅನ್ನಬೇಡ. ಅದುವರೆಗೆ ಕೈ ಎತ್ತದವರೂ ಹೆಂಡತಿ ಬಿಟ್ಟು ಹೊರಟಾಗ ಎತ್ತಿದ್ದನ್ನು ನಮ್ಮೂರಲ್ಲೇ ನೋಡಿದ್ದೇನೆ. ಹೊರಡುವುದಾದರೆ ಹೇಳದೆ ಹೊರಡು. ಹೊರಡುವುದಿಲ್ಲ ಅಂದರೂ ನನ್ನ ಮಗಳೇ, ಈ ಮನೆಯಲ್ಲಿ ನಿನಗಾಗಿ ಅಕ್ಕಿ ಇಡುವುದನ್ನು ನಾನು ಬಿಡುವುದಿಲ್ಲ.

ಬರುವ ಶನಿವಾರ ಅಪ್ಪ ಸ್ಕೂಲಿನ ಹತ್ತಿರ ಬರುತ್ತಾರೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಬಿ.ಎಡ್. ಸರ್ಟಿಫಿಕೇಟು ಮಾತ್ರ ಕೊಡು. ಕೇಳಿದರೆ ಸ್ಕೂಲಿನಲ್ಲಿ ಪರಿಶೀಲನೆಗೆ ಕೇಳಿದ್ದಾರೆ ಅನ್ನು. ಆಧಾರ್, ಪಾಸ್‌ಬುಕ್ ಈಗ ತರಬೇಡ, ಜೆರಾಕ್ಸ್ ಸಾಕು, ಒಟ್ಟಿಗೆ ಕಾಣೆಯಾದರೆ ಗೊತ್ತಾಗುತ್ತೆ. ಅಪ್ಪ ಕೈಗೆ ಸ್ವಲ್ಪ ದುಡ್ಡು ಕೊಡುತ್ತಾರೆ, ಅದನ್ನು ಬೀರುವಿನಲ್ಲೇ ಇಡು, ಅದಕ್ಕೆ ಯಾರಿಗೂ ಲೆಕ್ಕ ಬೇಡ. ಮತ್ತೆ ಫೋನಿನಲ್ಲಿ, ಸ್ಪೀಕರ್ ಇದ್ದರೂ ಪರವಾಗಿಲ್ಲ, "ಅಮ್ಮ, ಹುರುಳಿಕಾಳು ಕಳಿಸು" ಅಂತ ನೀನು ಅಂದರೆ ನಾನು ಹೂಂ ಅಂತ ಇಟ್ಟುಬಿಡುತ್ತೇನೆ. ಇಟ್ಟ ತಕ್ಷಣ ತುರ್ತು ಸಹಾಯದ 112ಕ್ಕೆ ನಿನ್ನ ಮನೆ ವಿಳಾಸ ಹೇಳಿ, ಸಿಕ್ಕಿದ ರೈಲು ಹತ್ತುತ್ತೇವೆ.

ನಿನ್ನ
ಅಮ್ಮ