ಬ್ರೂಸ್ ಫೂಟ್ ಬರೆದ ನಮ್ಮ ಊರುಗಳು ಕನ್ನಡಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಬಳ್ಳಾರಿ ಬಳಿಯ ಕಪ್ಪಗಲ್ಲು ಗುಡ್ಡದ ಚಿತ್ರವೊಂದನ್ನು ಈಚೆಗೆ ಪತ್ರಿಕೆಯಲ್ಲಿ ನೋಡಿದೆ. ಕೆಳಗೆ ‘ಕುಪ್ಗಲ್: ಬ್ರಿಟಿಷ್ ಅಧಿಕಾರಿಯೊಬ್ಬರು ಬೆಳಕಿಗೆ ತಂದ ನೆಲೆ’ ಎಂದು ಬರೆದಿತ್ತು. ಅಷ್ಟು ಚಿಕ್ಕ ಸಾಲಿನಲ್ಲಿ ಎರಡು ಹೆಸರು ಕಳೆದುಹೋಗಿವೆ. ಒಂದು ಆ ಅಧಿಕಾರಿಯದು, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಇನ್ನೊಂದು ನಮ್ಮೂರಿನದು. ಕುಪ್ಗಲ್ ಅಂತ ಇಲ್ಲಿ ಯಾರೂ ಅನ್ನುವುದಿಲ್ಲ. ಅದು ಕಪ್ಪಗಲ್ಲು. ಹೆಸರಿನಲ್ಲೇ ಕಪ್ಪು ಕಲ್ಲಿದೆ. ಗುಡ್ಡದ ಗುಲಾಬಿ ಬಣ್ಣದ ಗ್ರಾನೈಟ್ ಬಂಡೆಗಳ ನಡುವೆ ಕರಿಗೋಡೆಯಂತೆ ಹಾದುಹೋಗುವ ಡಾಲರೈಟ್ ಕಲ್ಲನ್ನೇ ಒಡೆದು, ತಿಕ್ಕಿ, ನವಶಿಲಾಯುಗದವರು ಕೊಡಲಿ ಮಾಡುತ್ತಿದ್ದರು. ಇಂಗ್ಲಿಷಿನಿಂದ ತಿರುಗಿ ಬಂದ ‘ಕುಪ್ಗಲ್’ನಲ್ಲಿ ಆ ಕಲ್ಲು ಕಾಣುವುದಿಲ್ಲ.

ಮೂವತ್ತು ವರ್ಷ ಬಳ್ಳಾರಿ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿಯಲ್ಲಿದೆ, ಅದು ನಮಗೆ ಹೆಮ್ಮೆ. ಆದರೆ ಆ ಮನುಷ್ಯ ನಮ್ಮ ನೆಲದ ಬಗ್ಗೆ ಬರೆದದ್ದನ್ನು ಓದಬೇಕೆಂದರೆ ಇವತ್ತಿಗೂ ಇಂಗ್ಲಿಷೇ ಗತಿ. ಅದನ್ನು ಕನ್ನಡಕ್ಕೆ ತನ್ನಿ ಎಂದು ಕೇಳಲು ಈ ಪತ್ರ.

ಫೂಟ್ 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸೇರಿದರು. 1863ರ ಮೇ 30ರಂದು ಮದ್ರಾಸಿನ ಪಲ್ಲಾವರಂನಲ್ಲಿ ಜಂಬಿಟ್ಟಿಗೆಯ ಗರಸಿನ ಗುಂಡಿಯೊಂದರಲ್ಲಿ ಅವರಿಗೆ ಸಿಕ್ಕ ಕಲ್ಲಿನ ಆಯುಧದಿಂದಲೇ ನಮ್ಮ ದೇಶದ ಶಿಲಾಯುಗದ ಅಧ್ಯಯನ ಶುರುವಾಯಿತು. ಇಷ್ಟನ್ನು ಪಠ್ಯಪುಸ್ತಕವೂ ಹೇಳುತ್ತದೆ. ಅದರಾಚೆಗಿನದು ಬಹುಪಾಲು ನಮ್ಮದೇ ಊರುಗಳ ಕಥೆ. ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಯ ಬಗ್ಗೆ ಅವರು ಬರೆದ ಗ್ರಂಥ 1876ರದು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ 1895ರದು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ಚಿನ್ನ, ಕಬ್ಬಿಣ ಹೊತ್ತ ನಮ್ಮ ಪುರಾತನ ಶಿಲೆಗಳನ್ನು ಬೇರೆ ಕಲ್ಲುಗಳಿಂದ ಬಿಡಿಸಿ ನೋಡಿ, ಅವಕ್ಕೆ ‘ಧಾರವಾಡ’ ಎಂದು ಹೆಸರಿಟ್ಟವರೂ ಅವರೇ. ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಯಾದರೂ ಆ ಹೆಸರು ಬಲ್ಲ. ಧಾರವಾಡದ ಮಕ್ಕಳಿಗೆ ಗೊತ್ತಿದೆಯೇ?

ಗೋಕಾಕ ಸೀಮೆಯ ಹಳೆಯ ಮೆಕ್ಕಲು ಮಣ್ಣಿನಲ್ಲಿ ಅವರಿಗೆ ಘೇಂಡಾಮೃಗದ ಪಳೆಯುಳಿಕೆ ಸಿಕ್ಕಿತ್ತು. ಅದನ್ನು 1874ರಲ್ಲಿ ವಿವರಿಸಿ, ದಖ್ಖನ್ನಿನ ಹೆಸರನ್ನೇ ಸೇರಿಸಿ ‘ರೈನೋಸೆರಸ್ ಡೆಕ್ಕನೆನ್ಸಿಸ್’ ಎಂದು ಕರೆದರು. ಈ ಸಂಗತಿಯನ್ನು ಎಂಟನೇ ತರಗತಿಯಲ್ಲಿ ಹೇಳಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಅದು ಅಸ್ಸಾಮಿನಾಗ ಇರತೈತಲ್ರೀ ಟೀಚರ್, ಗೋಕಾಕಕ್ಕ ಹೆಂಗ ಬಂತು?” ಅಂದ. ಬಂದದ್ದಲ್ಲಪ್ಪಾ, ಇಲ್ಲೇ ಇತ್ತು ಅಂದೆ. ಆ ದಿನ ಪಾಠ ಮುಂದೆ ಹೋಗಲೇ ಇಲ್ಲ. ಹಾಗಾದರೆ ಹುಲ್ಲು ಎಷ್ಟಿತ್ತು, ನೀರು ಎಷ್ಟಿತ್ತು ಎಂದು ಗಂಟೆ ಹೊಡೆಯುವವರೆಗೂ ಕೇಳಿದರು. ಮನೆಗೆ ಒಯ್ದು ಓದಲು ಏನಾದರೂ ಕೊಡಿ ಅಂದಾಗ ಕೊಡಲು ನನ್ನ ಕೈಯಲ್ಲಿ ಕನ್ನಡದ ಒಂದು ಪುಟವೂ ಇರಲಿಲ್ಲ.

ನನಗೆ ಫೂಟ್ ಹತ್ತಿರವಾದದ್ದು ಬೂದಿದಿಬ್ಬದಿಂದ, ಅಂದರೆ ಈ ಸೀಮೆಯಲ್ಲಿ ಅಲ್ಲಲ್ಲಿ ಕಾಣುವ ಪುರಾತನ ಬೂದಿಯ ಗುಡ್ಡೆಗಳಿಂದ. ನನ್ನ ತಾಯಿಯ ತವರು ಅಂಥದೊಂದು ದಿಬ್ಬವಿರುವ ಕುಡತಿನಿ. ರಜೆಯಲ್ಲಿ ಹೋದಾಗ ದಿಬ್ಬದ ಮೇಲಿನ ಕಿಟ್ಟದ ಉಂಡೆಗಳನ್ನು ಆರಿಸಿ ತರುತ್ತಿದ್ದೆವು. ಮೈತುಂಬ ತೂತು, ಅಲ್ಲಲ್ಲಿ ಗಾಜಿನ ಹೊಳಪು, ನೋಡಲು ಕಬ್ಬಿಣದ ಕಿಟ್ಟದಂತೆಯೇ, ಅಂಗೈಲಿಟ್ಟರೆ ಮಾತ್ರ ಹಗುರ. “ರಾಕ್ಷಸನ ಎಲುಬು ಮನಿಗೆ ತರಬ್ಯಾಡ್ರಿ” ಎಂದು ಅಜ್ಜಿ ಅಂಗಳದಿಂದಲೇ ಎಸೆಸುತ್ತಿದ್ದಳು. ಭೀಮ ಕೊಂದ ಹಿಡಿಂಬನನ್ನು ಸುಟ್ಟ ಜಾಗ ಅದು ಎಂಬುದು ಅವಳ ನಂಬಿಕೆ. ಎಷ್ಟೋ ವರ್ಷಗಳ ಮೇಲೆ ಓದಿದಾಗ ತಿಳಿಯಿತು, ಫೂಟ್‌ಗಿಂತ ಮುಂಚೆ ಈ ಸೀಮೆ ಸುತ್ತಿದ ಕ್ಯಾಪ್ಟನ್ ನ್ಯೂಬೋಲ್ಡ್ ಕೂಡ ಇಲ್ಲಿನ ಜನರ ಬಾಯಲ್ಲಿ ಇದೇ ರಾಕ್ಷಸನ ಕಥೆ ಕೇಳಿದ್ದರು. ಅಜ್ಜಿಯ ಮಾತು ಒಂದು ಶತಮಾನಕ್ಕೂ ಹಿಂದಿನ ಬರಹದಲ್ಲಿ ಸಿಕ್ಕಾಗ ನನಗೆ ಕಣ್ಣು ತುಂಬಿ ಬಂತು.

ಆ ದಿಬ್ಬಗಳು ಜ್ವಾಲಾಮುಖಿಯವು, ಕಬ್ಬಿಣ ಕರಗಿಸಿದವು, ನರಬಲಿಯ ಕುರುಹುಗಳು ಎಂದೆಲ್ಲ ಊಹೆಗಳಿದ್ದವು. ಅದು ಸುಟ್ಟ ಸಗಣಿ ಎಂದು ಫೂಟ್ ಹೇಳಿದರು. ದನ ಸಾಕಿದವರ ಹಟ್ಟಿ, ಅಲ್ಲಿ ರಾಶಿ ಬಿದ್ದ ಸಗಣಿ, ಅದಕ್ಕೆ ಬಿದ್ದ ಬೆಂಕಿ. ಅವರ ಮಾತು ಸರಿ ಎಂದು ಪ್ರಯೋಗಾಲಯದಲ್ಲಿ ಗೊತ್ತಾಗಲು 1960ರವರೆಗೆ ಕಾಯಬೇಕಾಯಿತು. ಹೊಲ ಮತ್ತು ಹಟ್ಟಿ ನೋಡಿ ಬೆಳೆದ ನಮ್ಮ ರೈತರಿಗೆ ಈ ವಾದ ಒಂದೇ ಮಾತಿಗೆ ಹಿಡಿಸುತ್ತದೆ. ಅವರಿಗೆ ಅದನ್ನು ಹೇಳಿದವರು ಯಾರೂ ಇಲ್ಲ. ಗೊತ್ತಿಲ್ಲದ್ದರಿಂದಲೇ ಎಷ್ಟೋ ದಿಬ್ಬಗಳ ಬೂದಿ ಗೊಬ್ಬರವೆಂದು ಹೊಲ ಸೇರಿತು. ಕಪ್ಪಗಲ್ಲಿನ ಗುಡ್ಡವನ್ನೂ ಕಲ್ಲುಗಣಿಯವರು ಕೆತ್ತಿದ್ದಾರೆ. ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ, ಕೊಡಲಿ ತಿಕ್ಕಿ ತಿಕ್ಕಿ ನುಣುಪಾದ ಗುಳಿಗಳೂ ಇರುವ ಗುಡ್ಡ ಅದು. ಒಂದು ಗುಳಿಯಲ್ಲಿ ನನ್ನ ಅಂಗೈ ಇಟ್ಟು ನೋಡಿದ್ದೇನೆ. ಅಳತೆ ತೆಗೆದು ಮಾಡಿದ ಹಾಗೆ ಕೂರುತ್ತದೆ.

ಫೂಟ್ ಅವರಲ್ಲಿ ನಾನು ಮೆಚ್ಚುವ ಇನ್ನೊಂದು ಗುಣವೆಂದರೆ ಕಂಡವರ ಹೆಸರು ಹೇಳುವುದು. ಕಪ್ಪಗಲ್ಲಿನ ಕೊಡಲಿ ಕಮ್ಮಟವನ್ನು ಮೊದಲು ಗುರುತಿಸಿದವರು ಎಂಜಿನಿಯರ್ ಫ್ರೇಸರ್ ಎಂದು ಅವರು ಮುಚ್ಚಿಡದೆ ಬರೆದಿದ್ದಾರೆ. ಆದ್ದರಿಂದ ನಾವೂ ‘ಬ್ರಿಟಿಷ್ ಅಧಿಕಾರಿಯೊಬ್ಬರು’ ಎಂದು ಬರೆದು ಕೈತೊಳೆದುಕೊಳ್ಳಬಾರದು.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮತ್ತು ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಮನಸ್ಸು ಮಾಡಿದರೆ ಇದು ಆಗುವ ಕೆಲಸ. ಎಲ್ಲವನ್ನೂ ಒಮ್ಮೆಗೇ ಕೇಳುತ್ತಿಲ್ಲ. ಮೊದಲು 1895ರ ಬಳ್ಳಾರಿ ಗ್ರಂಥ ಬರಲಿ. ಸಂಡೂರಿನ ಕಬ್ಬಿಣದ ಗುಡ್ಡಗಳನ್ನು ಗಣಿಯ ಯಂತ್ರಗಳು ಮುಟ್ಟುವ ಮೊದಲು ಕಂಡವರ ವಿವರ ಅದರಲ್ಲಿದೆ. ಅಗೆದು ಬದಲಾದ ಗುಡ್ಡ ಮೊದಲು ಹೇಗಿತ್ತು ಎಂದು ಸಂಡೂರಿನ ಹುಡುಗಿಯೊಬ್ಬಳು ತನ್ನ ಭಾಷೆಯಲ್ಲಿ ಓದಬೇಕಲ್ಲವೇ? ಅನುವಾದಕ್ಕೆ ಭೂವಿಜ್ಞಾನ ಬಲ್ಲವರು ಒಬ್ಬರು, ಈ ಸೀಮೆಯ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಬಲ್ಲವರು ಒಬ್ಬರು ಜೊತೆಗೆ ಕೂರಬೇಕು. ಇಲ್ಲವಾದರೆ ಮತ್ತೆ ‘ಕುಪ್ಗಲ್’ ಆಗುತ್ತದೆ.

ಫೂಟ್ ಅವರ ಬರಹದಲ್ಲಿ ಬರುವ ಊರು, ಹಳ್ಳ, ಗುಡ್ಡಗಳ ಹೆಸರುಗಳನ್ನು ಇಲ್ಲಿನ ಹಿರಿಯರನ್ನು ಕೇಳಿ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಇನ್ನೂ ಮುಗಿದಿಲ್ಲ. ಕೆಲಸಕ್ಕೆ ಕೂರುವವರು ಯಾರೇ ಆಗಿರಲಿ, ಅದನ್ನು ಅವರ ಕೈಗೆ ಕೊಡುತ್ತೇನೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಬಳ್ಳಾರಿ