ಗೆಳೆಯನಿಗೊಂದು ಪತ್ರ: ಟ್ಯಾಂಕು ತುಂಬಿಸಿ ಕೊಟ್ಟ ಅಪ್ಪ

ಗೆಳೆಯಾ,

ಕಳ್ಳಭಟ್ಟಿಗೂ ಕಾರ್ ರೇಸಿಗೂ ಏನು ಸಂಬಂಧ ಅಂತ ಕೇಳಿದ್ದೆಯಲ್ಲ, ಹೇಳ್ತೀನಿ ಕೇಳು.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನಾನಿರುವ ಶಾರ್ಲಟ್‌ನಿಂದ ಸುಮಾರು ಒಂದೂವರೆ ಗಂಟೆ ದಾರಿ, ವಿಲ್ಕ್ಸ್ ಕೌಂಟಿ. ಅಲ್ಲಿನ ಗುಡ್ಡಗಳಲ್ಲಿ ಮೆಕ್ಕೆಜೋಳದ ಕಳ್ಳಭಟ್ಟಿ ಕಾಯಿಸುತ್ತಿದ್ದರು. ತೆರಿಗೆಯವರ ಕಣ್ಣು ತಪ್ಪಿಸಿ ರಾತ್ರೋರಾತ್ರಿ ಸಾಗಿಸಬೇಕು. ಅದಕ್ಕೆ ಹಳೇ ಫೋರ್ಡ್ ಕಾರುಗಳ ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿಸುತ್ತಿದ್ದರು. ಎಷ್ಟು ಸರಕು ತುಂಬಿದರೂ ಕಾರು ಹಿಂದಕ್ಕೆ ಜಗ್ಗಬಾರದು, ನೋಡಿದವರಿಗೆ ಖಾಲಿ ಕಾರಿನ ಹಾಗೆ ಕಾಣಬೇಕು. ಎಂಥ ತಲೆ ಅಲ್ವಾ! ಹೀಗೆ ಓಡಿಸಿ ಪಳಗಿದವರಲ್ಲಿ ಕೆಲವರು ಮಣ್ಣಿನ ಟ್ರ್ಯಾಕಿಗೆ ಇಳಿದರು. 1948ರಲ್ಲಿ ಇಂಥ ಕಾರ್ ರೇಸುಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆ ಹುಟ್ಟಿತು. ವಿಲ್ಕ್ಸ್‌ನ ಜೂನಿಯರ್ ಜಾನ್ಸನ್ 1956ರಲ್ಲಿ ಅಪ್ಪನ ಭಟ್ಟಿಯ ಹತ್ತಿರ ಸಿಕ್ಕಿಬಿದ್ದು ಜೈಲಿಗೆ ಹೋದ. 1960ರಲ್ಲಿ ನಾಸ್ಕಾರ್‌ನ ದೊಡ್ಡ ರೇಸು ಡೇಟೋನಾ 500 ಗೆದ್ದ. ಇಲ್ಲಿಯ ಜನ ಅವನ ಹೆಸರು ಹೇಳುವಾಗ ಈಗಲೂ ಎದೆ ಉಬ್ಬಿಸುತ್ತಾರೆ.

ಕಳ್ಳಭಟ್ಟಿ ಸಾಗಿಸುವ ಆ ರಾತ್ರಿ ಓಟಗಳ ಬಗ್ಗೆ ಒಂದು ಹಾಡಿದೆ. 1958ರ 'ಥಂಡರ್ ರೋಡ್' ಸಿನಿಮಾದ ಹೊತ್ತಿಗೆ ನಟ ರಾಬರ್ಟ್ ಮಿಚಮ್ ಹಾಡಿದ್ದು. ಆಮೇಲೆ ಬ್ಲೂಗ್ರಾಸ್ ಅನ್ನುವ ಇಲ್ಲಿಯ ಹಳ್ಳಿಗಾಡಿನ ಸಂಗೀತದ ಜಿಮ್, ಜೆಸ್ಸಿ ಸಹೋದರರೂ ಹಾಡಿದರು. ನಾನು ಇಲ್ಲಿಗೆ ಬಂದ ಹೊಸತರಿಂದ ಕಾರಿನಲ್ಲಿ ಜೋರಾಗಿ ಹಾಕಿಕೊಂಡು ಓಡಾಡಿದ ಹಾಡು. ಹಾಡಿನಲ್ಲಿ ಅಪ್ಪ ಮಗನಿಗೆ ಹೇಳುತ್ತಾನೆ: ಇದೇ ಕೊನೆ ಓಟ, ಸರಕು ಹೋದರೆ ಹೋಗಲಿ, ನೀನು ವಾಪಸ್ ಬಾ. ಆದರೆ ಟ್ಯಾಂಕು ತುಂಬಿ ಕಾರು ಸಜ್ಜಾಗಿದೆ ಅಂತ ಹೇಳುವವನೂ ಅವನೇ. ಕೊನೆಗೆ 90 ಮೈಲಿ ವೇಗದಲ್ಲಿ ಕಾರು ರಸ್ತೆ ಬಿಡುತ್ತದೆ. ಎರಡೇ ಸಾಲಿನಲ್ಲಿ ಹುಡುಗನ ಕತೆ ಮುಗಿಯುತ್ತದೆ. ರಾಗ ಮಾತ್ರ ಎಲ್ಲೂ ನಿಧಾನವಾಗುವುದಿಲ್ಲ.

ಇಷ್ಟು ದಿನ ನಾನು ಆ ಹುಡುಗನ ಸೀಟಿನಲ್ಲಿ ಕೂತು ಇದನ್ನು ಕೇಳುತ್ತಿದ್ದೆ. ಈಚೆಗೆ ಮಗನಿಗೆ ಲೈಸೆನ್ಸ್ ಬಂತು. ಪೆಟ್ರೋಲ್ ಹಾಕಿಸಿ ಕೀ ಕೊಟ್ಟವನು ನಾನೇ. ಈಗ ಆ ಹಾಡು ಬಂದರೆ ಅಪ್ಪನ ಸಾಲಿಗೇ ನಿಲ್ಲಿಸಿಬಿಡುತ್ತೇನೆ. ಮಗ ಬರುವುದು ತಡವಾದ ರಾತ್ರಿ ಟಿವಿಯ ಸದ್ದು ತಗ್ಗಿಸಿ, ನಮ್ಮ ತಿರುವಿನಲ್ಲಿ ಕಾರು ಗೇರ್ ಬದಲಿಸುವುದನ್ನೇ ಕಾಯುತ್ತೇನೆ. ಭಯ ಕಣೋ. ಮನೆಯಲ್ಲೂ ಹೇಳಿಲ್ಲ ಇದನ್ನು. ನಾವಿಬ್ಬರೂ ಯೆಜ್ಡಿಯಲ್ಲಿ ಆಗುಂಬೆ ಘಾಟಿ ಇಳಿದು ಬಂದ ರಾತ್ರಿ ನೆನಪಿದೆಯಾ? ಅಪ್ಪ ಜಗಲಿಯಲ್ಲಿ ಕೂತಿದ್ದರು. "ಊಟ ಆಯ್ತಾ" ಅಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ಎಷ್ಟು ಹೊತ್ತಿನಿಂದ ಕೂತಿದ್ದಿರಿ ಅಂತ ಕೇಳೋಣ ಅಂದರೆ ಈಗ ಅವರಿಲ್ಲ.

ಅದೇ ವಿಲ್ಕ್ಸ್‌ನಲ್ಲಿ 1988ರಿಂದ ಮೆರ್ಲ್‌ಫೆಸ್ಟ್ ಅಂತ ಸಂಗೀತದ ಹಬ್ಬ ನಡೆಯುತ್ತಿದೆ. ಗಿಟಾರ್ ವಾದಕ ಡಾಕ್ ವಾಟ್ಸನ್ ಮಗ ಮೆರ್ಲ್ 1985ರಲ್ಲಿ ಟ್ರ್ಯಾಕ್ಟರ್ ಮಗುಚಿ ತೀರಿಕೊಂಡ, ಅವನ ನೆನಪಿಗೆ. ಕಣ್ಣು ಕಾಣದ ಆ ತಂದೆ ವರ್ಷ ವರ್ಷ ಅಲ್ಲಿಗೆ ಬಂದು ನುಡಿಸಿದರು. ಅದು ಹೇಗೆ ಸಾಧ್ಯವಾಯಿತೋ, ನನ್ನಿಂದ ಆಗುತ್ತಿರಲಿಲ್ಲ.

ಸಾಕು ಬಿಡು, ಏನೋ ಬರೆಯಲು ಹೋಗಿ ಏನೋ ಬರೆದೆ. ಏಪ್ರಿಲ್ ಕೊನೆಗೆ ಆ ಹಬ್ಬ, ರಜೆ ಹಾಕಿ ಬಾ. ಕಾರು ಮಗ ಓಡಿಸಲಿ, ಮುಂದಿನ ಸೀಟು ನಿನಗೆ. ಚಕ್ಕುಲಿ ಡಬ್ಬಿ ಯಾರ ತೊಡೆ ಮೇಲಿರಬೇಕು ಅನ್ನುವುದು ಕುಂದಾಪುರದಲ್ಲೇ ತೀರ್ಮಾನವಾಗಿದೆ, ಮತ್ತೆ ಜಗಳ ಬೇಡ.

ನಿನ್ನವನೇ