ಭಾನುವಾರದ ಚರ್ಚೆ: ಲೀಬ್‌ಹೆರ್ ಕ್ರೇನುಗಳ ಚರಿತ್ರೆ

ಸದಸ್ಯರೆಲ್ಲರಿಗೂ ನಮಸ್ಕಾರ. ಈ ಭಾನುವಾರದ ಚರ್ಚೆಗೆ ಜರ್ಮನಿಯ ಲೀಬ್‌ಹೆರ್ ಕಂಪನಿಯನ್ನು ಆರಿಸಿಕೊಂಡಿದ್ದೇವೆ. ದಯವಿಟ್ಟು ಈ ಹಿನ್ನೆಲೆಯನ್ನು ಓದಿಕೊಂಡು ಬನ್ನಿ.

ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ಊರುಗಳನ್ನು ಜರ್ಮನರು ಮತ್ತೆ ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ, ಕಿರ್ಷ್‌ಡಾರ್ಫ್‌ನಲ್ಲಿ ತಂದೆತಾಯಿಯ ಕಟ್ಟಡ ನಿರ್ಮಾಣದ ಉದ್ಯಮವನ್ನು ನಡೆಸುತ್ತಿದ್ದ ಹಾನ್ಸ್ ಲೀಬ್‌ಹೆರ್ ಅವರು 1949ರಲ್ಲಿ ಟಿಕೆ 10 ಎಂಬ ಟವರ್ ಕ್ರೇನನ್ನು ರೂಪಿಸಿದರು. ಸುಲಭವಾಗಿ ಸಾಗಿಸಿ, ಕೆಲಸ ನಡೆಯುವ ಜಾಗದಲ್ಲೇ ಜೋಡಿಸಿ ನಿಲ್ಲಿಸಬಹುದಾಗಿದ್ದುದೇ ಅದರ ಹೆಚ್ಚುಗಾರಿಕೆ. ಗಾರೆ ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ದಾಟುತ್ತ ಮೂರನೆಯ ಮಹಡಿಗೆ ಏರುವುದನ್ನು ಕಂಡವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1954ರಲ್ಲಿ ಹೈಡ್ರಾಲಿಕ್ ಅಗೆಯುವ ಯಂತ್ರ ಬಂದಿತು. 1958ರಲ್ಲಿ ಐರ್ಲೆಂಡಿನ ಕಿಲ್ಲಾರ್ನಿಯಲ್ಲಿ ಕಾರ್ಖಾನೆ ಆರಂಭವಾಯಿತು. ಆದರೆ ನನ್ನ ಮಟ್ಟಿಗೆ ಮುಖ್ಯವಾದ ತಿರುವು 1969ರಲ್ಲಿ ಜರ್ಮನಿಯ ಎಹಿಂಗೆನ್‌ನಲ್ಲಿ ಮೊಬೈಲ್ ಕ್ರೇನುಗಳಿಗಾಗಿ ತೆರೆದ ಕಾರ್ಖಾನೆ. ಒಂಬತ್ತು ಆಕ್ಸಲ್‌ಗಳ (ಚಕ್ರದ ಅಚ್ಚುಗಳ) ಮೇಲೆ ರಸ್ತೆಯಲ್ಲೇ ಸಾಗುವ, ಗರಿಷ್ಠ 1200 ಟನ್ ಎತ್ತಬಲ್ಲ, 100 ಮೀಟರ್ ಉದ್ದಕ್ಕೆ ಚಾಚಿಕೊಳ್ಳುವ ತೋಳಿನ ಎಲ್‌ಟಿಎಂ 11200 ಇಲ್ಲಿಯದೇ.

ಕ್ರೇನ್ ಆಪರೇಟರುಗಳಾಗಿ ದುಡಿದ ಸದಸ್ಯರು ತಮ್ಮ ಅನುಭವಗಳನ್ನು ಶನಿವಾರ ಸಂಜೆಯೊಳಗೆ ಇಲ್ಲಿ ಬರೆಯಬೇಕೆಂದು ಕೋರುತ್ತೇನೆ. ಚರ್ಚೆಯನ್ನು ಅವುಗಳಿಂದಲೇ ಆರಂಭಿಸೋಣ.